ಗುರಿ ಸರಿಪಡಿಸುವುದು ಪಾದದಿಂದ: ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ನನ್ನ ಅನುಭವ

ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಪೆಲೆಟ್‌ನ, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡಿನ, ದಪ್ಪ 4.5 ಮಿ.ಮೀ. ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ, ಅಂದರೆ ನಡುವಿನಿಂದ ಎರಡೂವರೆ ಮಿ.ಮೀ. ಒಳಗೆ ಬಿದ್ದರೆ ಸಾಕು. ನಮ್ಮ ಕೊಡಗಿನ ಕೈಲ್ ಪೋಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಅಭ್ಯಾಸವಿರುವ ನನ್ನ ಚಿಕ್ಕಪ್ಪನಿಗೆ ಈ ಲೆಕ್ಕ ಹೇಳಿದಾಗ, "ಕಾಯಿ ಒಡೀತಾ ಇಲ್ವಾ, ಅಷ್ಟು ಹೇಳು ಮಾರಾಯ" ಅಂದರು. ಕೊಡಗಿನವರಿಗೆ ಕೋವಿ ಹೊಸದಲ್ಲ, ಈ ಮಿಲಿಮೀಟರ್ ಹುಚ್ಚು ಹೊಸದು.

ನನ್ನ ಗುಂಡುಗಳು ಬಹಳ ಕಾಲ ಒಂಬತ್ತರ ಸುತ್ತಲೇ ಬೀಳುತ್ತಿದ್ದವು. ಅಂಕ ಏರಿದ್ದಕ್ಕೆ ಹೊಸ ರೈಫಲ್ ಕಾರಣವಲ್ಲ, ನಿಲುವು ಬದಲಾದದ್ದು ಕಾರಣ. ರೈಫಲ್ 5.5 ಕೆ.ಜಿ.ವರೆಗೂ ಇರಬಹುದು, ಅದನ್ನು ತೋಳಿನ ಬಲದಲ್ಲಿ ಎತ್ತಿ ಹಿಡಿದರೆ ಹತ್ತನೇ ಗುಂಡಿಗೇ ಸ್ನಾಯು ನಡುಗಲು ಶುರು. "ಕೈಯಲ್ಲಿ ಹೊರಬೇಡಿ, ಸೊಂಟಕ್ಕೆ ಬಿಡಿ" ಎನ್ನುತ್ತಿದ್ದರು ಕೋಚ್. ನಾನು ಬಲಗೈಯವನು. ಗುರಿಗೆ ಪಕ್ಕ ಕೊಟ್ಟು ನಿಂತು, ಎಡ ಸೊಂಟವನ್ನು ಗುರಿಯ ಕಡೆ ತಳ್ಳಿ, ಎಡ ಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಊರುತ್ತೇನೆ. ಬೆನ್ನು ಸ್ವಲ್ಪ ಹಿಂದಕ್ಕೆ ಬಾಗುತ್ತದೆ. ಆಗ ಭಾರವೆಲ್ಲ ಎಲುಬಿನಿಂದ ಎಲುಬಿಗೆ ಇಳಿದು ಪಾದ ಸೇರುತ್ತದೆ, ಎಡಗೈ ಬರೀ ಕಂಬದಂತೆ ನಿಂತಿರುತ್ತದೆ. ದಪ್ಪ ಜಾಕೆಟ್ ಇದಕ್ಕೆ ಆಸರೆ ಕೊಡುತ್ತದೆ ನಿಜ, ಆದರೆ ತಪ್ಪು ನಿಲುವನ್ನು ಜಾಕೆಟ್ ತಿದ್ದುವುದಿಲ್ಲ. ದುಡ್ಡು ಖರ್ಚು ಮಾಡುವ ಮುಂಚೆ ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ನನಗೆ ಅತಿ ಹೆಚ್ಚು ಅಂಕ ತಂದುಕೊಟ್ಟದ್ದು ಇದರ ಮುಂದಿನ ಹೆಜ್ಜೆ. ರೈಫಲ್ ಭುಜಕ್ಕಿಟ್ಟು ಗುರಿ ಹಿಡಿದ ಮೇಲೆ ಕಣ್ಣು ಮುಚ್ಚುತ್ತೇನೆ. ಒಂದೆರಡು ಸಲ ಉಸಿರಾಡಿ ಮೈಯನ್ನು ಸಡಿಲ ಬಿಟ್ಟು ಕಣ್ಣು ತೆರೆಯುತ್ತೇನೆ. ಸೈಟ್‌ನ (ಗುರಿ ನೋಡುವ ಸಾಧನದ) ರಿಂಗು ಗುರಿಹಲಗೆಯ ಕಪ್ಪು ವೃತ್ತದ ಬಲಕ್ಕೋ ಎಡಕ್ಕೋ ಸರಿದಿದ್ದರೆ, ನನ್ನ ಮೈ ತಾನಾಗಿ ತೋರಿಸುವ ದಿಕ್ಕು ಅದೇ ಎಂದರ್ಥ. ಅದನ್ನು ಕೈಯಿಂದ ಎಳೆದು ನಡುವಿಗೆ ತರುವುದು ಸುಲಭ, ಆದರೆ ಟ್ರಿಗರ್ ಒತ್ತಿದ ಕ್ಷಣದಲ್ಲಿ ಎಳೆತ ಸಡಿಲವಾಗಿ ರೈಫಲ್ ಮತ್ತೆ ತನ್ನ ಜಾಗಕ್ಕೇ ಹೋಗುತ್ತದೆ. ಹಾಗಾಗಿ ಕೈ ಮುಟ್ಟದೆ ಪಾದ ಸರಿಸುತ್ತೇನೆ, ಅದೂ ಕೂದಲೆಳೆಯಷ್ಟು. ಮೇಲೆ ಕೆಳಗೆ ಸರಿದಿದ್ದರೆ ಎಡಗೈಯನ್ನು ಮುಂದೆ ಹಿಂದೆ ಮಾಡುತ್ತೇನೆ, ಅಥವಾ ಭುಜಕ್ಕೆ ಒರಗುವ ಬಟ್ ಪ್ಲೇಟ್‌ನ ಎತ್ತರ ಬದಲಿಸುತ್ತೇನೆ. ಮತ್ತೆ ಕಣ್ಣು ಮುಚ್ಚಿ ಮತ್ತೆ ನೋಡಬೇಕು. ಇದು ತಾಳ್ಮೆ ಬೇಡುವ ಕೆಲಸ. ಪಕ್ಕದ ಲೇನ್‌ನವರು ಗುಂಡು ಹೊಡೆಯುತ್ತಿರುವಾಗ ನಾನು ಕಣ್ಣು ಮುಚ್ಚಿ ನಿಂತಿರುತ್ತೇನೆ, ನೋಡಿದವರಿಗೆ ನಿದ್ದೆ ಬಂದಿದೆ ಅನಿಸಬಹುದು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದು ಮಹತ್ವ ಯಾಕೆ ಅಂದರೆ, ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ 80 ಸೆಂ.ಮೀ. ಇದೆ ಅಂದುಕೊಳ್ಳಿ. ಅವೆರಡರ ಹೊಂದಾಣಿಕೆ 0.2 ಮಿ.ಮೀ. ತಪ್ಪಿದರೆ ಹತ್ತು ಮೀಟರ್ ದೂರದಲ್ಲಿ ಅದು 2.5 ಮಿ.ಮೀ. ಆಗುತ್ತದೆ. ಹತ್ತು ಕೈತಪ್ಪಲು ಅಷ್ಟು ಸಾಕು.

ಟ್ರಿಗರ್‌ನದ್ದು ಬೇರೆ ಕಥೆ. ಸ್ಪರ್ಧೆಯ ಟ್ರಿಗರ್ ಎರಡು ಹಂತದ್ದು: ಮೊದಲು ಹಗುರವಾಗಿ ಹಿಂದೆ ಸರಿದು ಒಂದು ತಡೆಗೆ ನಿಲ್ಲುತ್ತದೆ, ಅದನ್ನೂ ಒತ್ತಿದರೆ ಗುಂಡು ಹಾರುತ್ತದೆ. ಮೊದಲ ಹಂತವನ್ನು ರೈಫಲ್ ಗುರಿಗೆ ಇಳಿಯುತ್ತಿರುವಾಗಲೇ ಒತ್ತಿ ಮುಗಿಸಿ, ಎರಡನೆಯದರ ಮೇಲೆ ಬೆರಳಿಟ್ಟು ಕಾಯುತ್ತೇನೆ. ಉಸಿರು ಅರ್ಧ ಬಿಟ್ಟು ನಿಲ್ಲಿಸಿದ ಮೇಲೆ ಒಳ್ಳೆಯ ಹೋಲ್ಡ್, ಅಂದರೆ ರೈಫಲ್ ಅಲುಗದೆ ನಿಲ್ಲುವ ಹೊತ್ತು, ಸಿಗುವುದು ಕೆಲವೇ ಸೆಕೆಂಡು. ಹತ್ತು ಸೆಕೆಂಡು ದಾಟಿದರೆ ಕಣ್ಣಿಗೆ ಹಳೆಯ ಚಿತ್ರವೇ ಅಂಟಿಕೊಳ್ಳುತ್ತದೆ, ರೈಫಲ್ ಸರಿದದ್ದೂ ಗೊತ್ತಾಗುವುದಿಲ್ಲ. ಆಗ ಹೊಡೆಯದೆ ಕೆಳಗಿಳಿಸಬೇಕು. ಈ ಆಟದಲ್ಲಿ ಅತಿ ಕಷ್ಟದ ಕೆಲಸ ಇದೇ ಎಂದು ನನ್ನ ಅಭಿಪ್ರಾಯ. ಎತ್ತಿದ ಮೇಲೆ ಹೊಡೆದೇ ಇಳಿಸಬೇಕೆಂಬ ಹಟ ಬಹಳ ಅಂಕ ತಿನ್ನುತ್ತದೆ.

ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ, ಮದ್ದಿನಿಂದ ಹಾರುವ ದೊಡ್ಡ ರೈಫಲ್‌ನ ಗುಂಡಿಗೆ ಹೋಲಿಸಿದರೆ ತೀರಾ ನಿಧಾನ. ಅದು ನಳಿಕೆಯೊಳಗಿರುವಾಗಲೇ ತಲೆ ಎತ್ತಿ, ಗುಂಡು ಬಿದ್ದ ಜಾಗ ತೋರಿಸುವ ಮಾನಿಟರ್ ನೋಡಿದರೆ ಗುಂಡೂ ಸರಿಯುತ್ತದೆ. ಅದಕ್ಕೆ ಹೊಡೆದ ಮೇಲೂ ಒಂದೆರಡು ಸೆಕೆಂಡು ಕೆನ್ನೆಯನ್ನು ಕದಲಿಸದೆ ರಿಂಗನ್ನೇ ನೋಡುತ್ತಿರುತ್ತೇನೆ. ಆ ಹೊತ್ತಿನಲ್ಲಿ ಗುರಿಯನ್ನು ಗಡಿಯಾರದಂತೆ ಎಣಿಸಿ "ಎಂಟೂವರೆ ಗಂಟೆಯ ಕಡೆ, 9.8 ಅಂಕ" ಅಂತ ಮನಸ್ಸಿನಲ್ಲೇ ಹೇಳಿಕೊಂಡು ಆಮೇಲೆ ಮಾನಿಟರ್ ನೋಡುವುದು ರೂಢಿ. ಊಹೆಯೂ ಮಾನಿಟರೂ ಒಂದೇ ಹೇಳಿದರೆ ಕೆಡಿಸಿದ್ದು ನಾನು, ಸೈಟ್ ಮುಟ್ಟುವುದಿಲ್ಲ. ನಡುವಿಗೇ ಹೋಯಿತೆಂದು ಅನಿಸಿದ ಗುಂಡುಗಳು ಸಾಲಾಗಿ ಒಂದೇ ಕಡೆ ಗುಂಪಾಗಿ ಬಿದ್ದರೆ ಮೊದಲು ಪಾದ ನೋಡುತ್ತೇನೆ, ಅದೂ ಸರಿಯಿದ್ದರೆ ಮಾತ್ರ ಸೈಟ್ ಸರಿಪಡಿಸುವ ತಿರುಪನ್ನು ತಿರುಗಿಸುತ್ತೇನೆ.

ಮನೆಯಲ್ಲಿ ಮಾಡುವುದು ಡ್ರೈ ಫೈರಿಂಗ್, ಅಂದರೆ ಗುಂಡಿಲ್ಲದೆ ಹೊಡೆಯುವ ಅಭ್ಯಾಸ. ಚೇಂಬರ್ ಖಾಲಿಯಿದೆಯೆಂದು ಎರಡು ಸಲ ನೋಡಿ, ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿ ಬಿಳಿ ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಗುರಿಯೇ ಇಲ್ಲದ್ದರಿಂದ ಅಂಕದ ಆಸೆ ಇಲ್ಲ. ಟ್ರಿಗರ್ ಒತ್ತಿದಾಗ ರಿಂಗು ಎತ್ತ ಜಿಗಿಯಿತು ಅನ್ನುವುದೊಂದೇ ಕಾಣುತ್ತದೆ. ಅರ್ಹತಾ ಸುತ್ತಿನಲ್ಲಿ 75 ನಿಮಿಷಕ್ಕೆ 60 ಗುಂಡು. ಗುಂಡಿಗೊಂದು ನಿಮಿಷ ಹಿಡಿದರೂ ಕಾಲು ಗಂಟೆ ಉಳಿಯುತ್ತದೆ. ಆ ಕಾಲು ಗಂಟೆಯನ್ನು ನಾನು ರೈಫಲ್ ಕೆಳಗಿಳಿಸುವುದಕ್ಕೆ ಇಟ್ಟುಕೊಳ್ಳುತ್ತೇನೆ.