ಜೀನಿಲ್ಲದ ಬೆನ್ನಿನ ಮೇಲೆ: ಹ್ಯಾನಫರ್ಡ್ ಮನೆತನದ ಸವಾರಿಯ ಒಳಲೆಕ್ಕ

ಕುದುರೆಯ ಬೆನ್ನಿನ ಮೇಲೆ ನಿಲ್ಲಲು ಕಲಿಯಬಂದವರ ಕೈಗೆ ನಾನು ಮೊದಲು ಕೊಡುವುದು ಒಂದು ಗೂಟ, 21 ಅಡಿ ಹಗ್ಗ. ಸುತ್ತು ಎಳೆದರೆ 42 ಅಡಿ ಅಗಲದ ರಿಂಗ್ ಸಿದ್ಧ. 1768ರಲ್ಲಿ ಲಂಡನ್ನಿನಲ್ಲಿ ಸವಾರಿಯ ಪ್ರದರ್ಶನ ಶುರುಮಾಡಿದ ಫಿಲಿಪ್ ಆಸ್ಟ್ಲಿ ಕೊನೆಗೆ ಬಂದು ನಿಂತ ಅಳತೆ ಇದು. ಸರ್ಕಸ್ಸಿನ ರಿಂಗಿಗೆ ಇವತ್ತಿಗೂ ಇದೇ ಅಳತೆ. ಇಂಗ್ಲೆಂಡಿನ ಸರ್ಕಸ್ ಮನೆತನ ಹ್ಯಾನಫರ್ಡರು ಸವಾರಿಯಲ್ಲಿ ಹೆಸರು ಮಾಡಿದ್ದೂ ಇಂಥ ರಿಂಗಿನಲ್ಲೇ.

ಯಾಕೆ ಇಷ್ಟೇ? ಅಂಚಿನ ಕಟ್ಟೆಗೆ ಒತ್ತಿಕೊಂಡು ಓಡುವ ಕುದುರೆಯ ಹಾದಿ ನಡುಗೂಟದಿಂದ ಸುಮಾರು 6 ಮೀಟರ್ ದೂರದಲ್ಲಿರುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಕ್ಯಾಂಟರ್, ಅಂದರೆ ಕುದುರೆಯ ಹದವಾದ ಓಟ, ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಏಳೂವರೆ ಸೆಕೆಂಡು. ಆಗ ಕುದುರೆ, ಸವಾರ ಇಬ್ಬರೂ ಒಳಕ್ಕೆ ಸುಮಾರು 23 ಡಿಗ್ರಿ ವಾಲಬೇಕು. ಈ ವಾಲಿಕೆಯಲ್ಲಿ ಪಾದ ಬೆನ್ನಿಗೆ ಒತ್ತಿ ಕೂರುತ್ತದೆ. ನೇರ ದಾರಿಯಲ್ಲಿ ಓಡುವ ಕುದುರೆಯ ಮೇಲೆ ನಿಲ್ಲುವುದೇ ಇದಕ್ಕಿಂತ ಕಷ್ಟ.

ಲಾಗ ಹಾಕುವಾಗ ಹೊಸಬರು ಮಾಡುವ ತಪ್ಪೂ ಇಲ್ಲೇ ಇದೆ. ಗಾಳಿಯಲ್ಲಿ ಇರುವುದು 0.6 ಸೆಕೆಂಡು. ಅಷ್ಟರಲ್ಲಿ ಕುದುರೆ 3 ಮೀಟರ್ ಮುಂದೆ ಹೋಗುತ್ತದೆ, ಹಾರಿದವನ ಮೈಯಲ್ಲೂ ಅದೇ ವೇಗ ಇರುವುದರಿಂದ ಅದು ತೊಂದರೆಯಲ್ಲ. ತೊಂದರೆ ತಿರುವಿನದು. ಕುದುರೆ ಎಡಕ್ಕೆ ತಿರುಗುತ್ತದೆ, ನೀವು ನೇರ ಹೋಗುತ್ತೀರಿ, ಇಳಿಯುವ ಹೊತ್ತಿಗೆ ಬೆನ್ನು ಮುಕ್ಕಾಲು ಮೀಟರ್ ಒಳಗೆ ಸರಿದಿರುತ್ತದೆ. ಹಾಗಾಗಿ ನೆಲಕ್ಕೆ ನೆಟ್ಟಗೆ ಹಾರಿದವನು ಕಟ್ಟೆಯ ಕಡೆಗೆ ಬೀಳುತ್ತಾನೆ. ವಾಲಿದ ಬೆನ್ನಿಗೆ ನೆಟ್ಟಗೆ ಹಾರಬೇಕು. ಬಾಯಲ್ಲಿ ಹೇಳುವುದು ಸುಲಭ. ಹೆದರಿದ ಮೈ ಮಾತ್ರ ಪ್ರತಿಸಲವೂ ನೆಲವನ್ನೇ ನಂಬುತ್ತದೆ.

ಹಿಂದಕ್ಕೆ ಹಾಕುವ ಲಾಗದಲ್ಲಿ ಕೊನೆಗೆ ಕುದುರೆಯ ಬೆನ್ನು ಕಣ್ಣಿಗೆ ಬೀಳುತ್ತದೆ. ಮುಂದಕ್ಕೆ ಹಾಕಿದರೆ ಪಾದ ಮುಟ್ಟುವವರೆಗೂ ಕುರುಡು. ಆಸ್ಟ್ರೇಲಿಯಾದ ಸರ್ಕಸ್ ಸವಾರಳು ಮೇ ವಿರ್ತ್ ಮುಂದಕ್ಕೆ ಲಾಗ ಹಾಕುತ್ತಿದ್ದಳು ಎಂಬುದಕ್ಕೆ ಈ ಕಸುಬಿನವರು ಅಷ್ಟು ಬೆಲೆ ಕೊಡುವುದು ಅದಕ್ಕೇ.

ಕುದುರೆಯ ವೇಗ ಸೆಕೆಂಡಿಗೆ ಅರ್ಧ ಮೀಟರ್ ಕುಗ್ಗಿದರೂ ಇಳಿಯುವ ಜಾಗ ಒಂದು ಅಡಿ ತಪ್ಪುತ್ತದೆ. ಅದಕ್ಕೇ ನಾವು ಹುಡುಕುವುದು ಚುರುಕು ಕುದುರೆಯನ್ನಲ್ಲ, ಗಡಿಯಾರದಂಥ ಕುದುರೆಯನ್ನು. ಪರ್ಶೆರಾನ್‌ನಂಥ ಭಾರ ಎಳೆಯುವ ತಳಿ, ಅಗಲ ಬೆನ್ನು, ಮೈಮೇಲೆ ಮನುಷ್ಯ ಬಿದ್ದರೂ ಕಿವಿ ಆಡಿಸದ ಸ್ವಭಾವ. ನಮ್ಮ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳು ನೋಡಲು ಚೆಂದ, ನಿಲ್ಲಲು ಕಿರಿದು. ನಿಲ್ಲುವ ಜಾಗ ಹಿಂಭಾಗದ ದಪ್ಪ ಸ್ನಾಯುವಿನ ಮೇಲೆ, ನಡುವಿನ ಮೇಲೆ ಅಲ್ಲ. ನಡು ತುಳಿಸಿಕೊಂಡ ಕುದುರೆ ನಾಲ್ಕು ದಿನದಲ್ಲಿ ಬೆನ್ನು ತಗ್ಗಿಸಲು ಕಲಿಯುತ್ತದೆ, ಆಮೇಲೆ ಅದನ್ನು ಬಿಡಿಸುವುದು ಬಲು ಕಷ್ಟ.

ಕಾಲು ಜಾರದಿರಲು ರಾಳದ ಪುಡಿ. ಒಣಗಿದ ಕೂದಲಿನ ಮೇಲೆ ತೆಳ್ಳಗೆ ಉದುರಿಸಿ ಅಂಗೈಯಿಂದ ತಿಕ್ಕಬೇಕು. ಬೆವರಿನ ಮೇಲೆ ಹಾಕಿದರೆ ಗಂಟು ಕಟ್ಟುತ್ತದೆ. ಹೆಚ್ಚಾದರೆ ಅಂಗಾಲು ಅಂಟಿಕೊಂಡು, ತಿರುಗುವಾಗ ಮೊಣಕಾಲು ಉಳುಕುತ್ತದೆ. ಜಾರುವುದಕ್ಕಿಂತ ಇದು ಕೆಟ್ಟದ್ದು. ರಾಳ ನೀರಿಗೆ ಕರಗದು, ಆಟ ಮುಗಿದ ಮೇಲೆ ಒಣ ಬ್ರಷ್ಷಿನಿಂದಲೇ ಕೆದರಿ ತೆಗೆಯಬೇಕು. ಬಿಳಿ, ಬೂದು ಕುದುರೆಗಳನ್ನೇ ಆರಿಸುವುದೂ ಈ ಪುಡಿ ಎದ್ದು ಕಾಣದಿರಲಿ ಎಂದು.

ಕಲಿಯುವವನ ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ. ರಿಂಗಿನ ನಡುಗಂಬದಿಂದ ಕುದುರೆಯ ಜೊತೆಗೇ ಸುತ್ತುವ ತೋಳು, ಅದರ ತುದಿಯ ರಾಟೆಯ ಮೂಲಕ ಹಗ್ಗ ಹಿಡಿದವನ ಕೈಗೆ ಬರುತ್ತದೆ. ಇದಕ್ಕೆ ‘ಮೆಕ್ಯಾನಿಕ್’ ಎನ್ನುತ್ತಾರೆ. ಹಗ್ಗವನ್ನು ಬಿಗಿಯಾಗಿ ಹಿಡಿದರೆ ಹುಡುಗ ಹಗ್ಗದ ಮೇಲೆ ನಿಲ್ಲಲು ಕಲಿಯುತ್ತಾನೆ, ಕುದುರೆಯ ಮೇಲಲ್ಲ. ಒಂದು ಗೇಣು ಸಡಿಲ ಇರಲೇಬೇಕು. ಆ ಒಂದು ಗೇಣಿನ ನಂಬಿಕೆ ಪರರಲ್ಲಿ ಹುಟ್ಟಲು ವರ್ಷಗಳು ಬೇಕು. ಈ ವಿದ್ಯೆ ಮನೆತನಗಳಲ್ಲೇ ಉಳಿದದ್ದಕ್ಕೆ ನನಗೆ ಕಾಣುವ ಕಾರಣ ಇದು.

ಹ್ಯಾನಫರ್ಡರನ್ನೇ ನೋಡಿ. ತಾಯಿ ಎಲಿಜಬೆತ್ ಒಳ್ಳೆಯ ಉಡುಪು ತೊಟ್ಟು ರಿಂಗಿನ ನಡುವೆ ನಿಲ್ಲುತ್ತಿದ್ದಳು, ಸುತ್ತ ಮಕ್ಕಳ ಸವಾರಿ: ‘ಪೂಡಲ್ಸ್’ ಎಂದೇ ಹೆಸರಾದ ಎಡ್ವಿನ್, ಜಾರ್ಜ್, ಲಿಜ್ಜಿ. ನಡುವೆ ನಿಂತವರದು ಅಲಂಕಾರದ ಕೆಲಸ ಎಂದು ನೋಡುವವರಿಗೆ ಅನ್ನಿಸುತ್ತದೆ. ಕುದುರೆಯ ಹೆಜ್ಜೆ ಎಳೆಯತೊಡಗಿದ್ದನ್ನು ಮೊದಲು ಕಾಣುವುದು ಆ ಜಾಗದಿಂದಲೇ. 1915ರಲ್ಲಿ ನ್ಯೂಯಾರ್ಕಿನಲ್ಲಿ, ಬಾರ್ನಮ್ ಅಂಡ್ ಬೈಲಿ ಸರ್ಕಸ್ಸಿನಲ್ಲಿ, ಪೂಡಲ್ಸ್ ಓಡಿಬಂದು ಕುದುರೆಯ ಮೇಲೆ ಹಾರಿ, ಇಳಿದು, ಮತ್ತೆ ಹಾರಿದ ಲೆಕ್ಕ 26. ಮೇಲೆ ಹಾರುವುದಕ್ಕೆ ತಾಳ ಬೇಕು: ಕುದುರೆಯ ಒಳಗಿನ ಮುಂಗಾಲು ನೆಲ ಮುಟ್ಟುವಾಗ ನಿಮ್ಮ ಎರಡೂ ಪಾದ ನೆಲ ಒದೆಯಬೇಕು. ಅರ್ಧ ಹೆಜ್ಜೆ ತಡವಾದರೆ ಏಳುತ್ತಿರುವ ಬೆನ್ನು ಮೊಣಕಾಲಿಗೆ ಬಡಿಯುತ್ತದೆ.

 

ಪೂಡಲ್ಸ್‌ನ ನಿಜವಾದ ಹೆಚ್ಚುಗಾರಿಕೆ ಆ 26ರಲ್ಲಿಲ್ಲ, ನಗಿಸುವುದರಲ್ಲಿದೆ. ಉದ್ದನೆಯ ತುಪ್ಪಳದ ಕೋಟು ತೊಟ್ಟು, ಕುದುರೆಯ ಬೆನ್ನಿನ ಮೇಲೆ ಹಿಂದೆ ಹಿಂದೆ ನಡೆಯುತ್ತ ಬಾಲದಾಚೆ ಗಾಳಿಗೇ ಕಾಲಿಡುತ್ತಿದ್ದ. ಒಂದು ಗಳಿಗೆ ಅವನು ಅಂತರದಲ್ಲಿ ನಿಂತಂತೆ ಕಾಣುತ್ತಿತ್ತು. ಒಳಗುಟ್ಟು ಇಷ್ಟೆ: ಹಿಂದಕ್ಕೆ ನಡೆದರೂ ಮೈಯಲ್ಲಿ ಕುದುರೆಯ ಮುಂದಿನ ವೇಗ ಇನ್ನೂ ಇರುತ್ತದೆ. ಅದನ್ನು ಮರೆತು ನಿಂತಲ್ಲೇ ನಿಲ್ಲಲು ಹೋದರೆ ಮುಖ ಮಣ್ಣಿಗೆ. ಇಳಿದ ಕೂಡಲೇ ಕುದುರೆಯ ಹಿಂದೆಯೇ ಮೂರು ನಾಲ್ಕು ಹೆಜ್ಜೆ ಓಡಬೇಕು, ಓಡಿದ್ದು ಕಾಣಲೂಬಾರದು. ಉದ್ದನೆಯ ಕೋಟು ಇದ್ದರೆ ಆ ಹೆಜ್ಜೆಗಳು ಮರೆಯಾಗುತ್ತವೆ. ಆ ಹಾಸ್ಯ ಸವಾರಿಯನ್ನು ಮುಂದೆ ಜಾರ್ಜ್‌ನ ಮಗ ಟಾಮಿ ನಡೆಸಿಕೊಂಡು ಬಂದ. ಕಲಿಯುವವರಿಗೆ ನಾನು ಇದನ್ನು ಲಾಗ ಕೂತ ಮೇಲೆಯೇ ಹೇಳಿಕೊಡುವುದು; ಅದೂ ಮೊದಲು ನಡಿಗೆಯ ಕುದುರೆಯ ಮೇಲೆ, ಹಿಂದೆ ನಾಲ್ಕು ಬೆರಳು ದಪ್ಪ ಗರಗಸದ ಹುಡಿ ಹಾಸಿ.