ಮೊದಲ ಡಿಸಿಸಿ ಆರಿಸುವುದು ಹೇಗೆ? ಮೊದಲು ಥ್ರಾಟಲ್ ಕೈಗೆತ್ತಿಕೊಳ್ಳಿ

ಮಾದರಿ ರೈಲಿನ ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟು ವೇಗದ ನಾಬ್ ತಿರುಗಿಸಿ ನೋಡಿ. ಅದು ಹಳಿಯ ವೋಲ್ಟೇಜ್ ಏರಿಳಿಸಿ ರೈಲು ಓಡಿಸುವ ಹಳೆಯ ಡಿಸಿ ಪವರ್ ಪ್ಯಾಕ್ ಆಗಿದ್ದರೆ ಎರಡೂ ಒಟ್ಟಿಗೇ ಹೊರಡುತ್ತವೆ. ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಮೆಲ್ಲಗೆ ಹಿಂದಕ್ಕೆ ತಂದು ಡಬ್ಬಿಗೆ ಸೇರಿಸೋಣ ಅಂದರೆ ಆಗುವುದಿಲ್ಲ. ಆಗಬೇಕಾದರೆ ಹಳಿಯನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಒಂದೊಂದು ಸ್ವಿಚ್ ಹಾಕಬೇಕು. ಆಮೇಲೆ ಕಣ್ಣೆಲ್ಲ ಸ್ವಿಚ್ಚಿನ ಮೇಲೆ, ರೈಲು ನೋಡುವುದು ಯಾವಾಗ?

ಇದಕ್ಕೆ ಉತ್ತರ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಇಲ್ಲಿ ರೈಲು ನಿಂತಿದ್ದರೂ ಹಳಿಯಲ್ಲಿ ಪೂರ್ತಿ ವೋಲ್ಟೇಜ್ ಇರುತ್ತದೆ. ಆ ಕರೆಂಟಿನ ಜೊತೆಗೇ ಆಜ್ಞೆಯೂ ಹೋಗುತ್ತದೆ. ಎರಡು ಹಳಿಗಳ ಪ್ಲಸ್ ಮೈನಸ್ ಸೆಕೆಂಡಿಗೆ ಸಾವಿರಾರು ಸಲ ಅದಲು ಬದಲಾಗುತ್ತಿರುತ್ತದೆ. ಒಂದೊಂದು ಬದಿ 58 ಮೈಕ್ರೋಸೆಕೆಂಡ್ ಇದ್ದರೆ ಅದು '1'. 100 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ '0'. ಈ ಸೊನ್ನೆ ಒಂದುಗಳಲ್ಲೇ 'ಮೂರನೇ ನಂಬರ್, ಮುಂದಕ್ಕೆ, ನಿಧಾನ' ಅನ್ನುವ ಮಾತು ಹೋಗುತ್ತದೆ. ಎಂಜಿನ್ ಒಳಗಿರುವ ಡಿಕೋಡರ್ ಅನ್ನುವ ಪುಟ್ಟ ಬೋರ್ಡ್ ಅದನ್ನು ಕೇಳಿಸಿಕೊಳ್ಳುತ್ತದೆ. ಎಲ್ಲ ಡಿಕೋಡರ್‌ಗಳಿಗೂ ಕೇಳಿಸುತ್ತದೆ, ಮೂರನೇ ನಂಬರಿನದು ಮಾತ್ರ ಹೊರಡುತ್ತದೆ.

ಯಾವುದು ಬದಲಾಗುತ್ತದೆ, ಯಾವುದು ಆಗುವುದಿಲ್ಲ

ಕೊಳ್ಳುವ ಮುಂಚೆ ಇದೊಂದು ವಿಷಯ ಗಟ್ಟಿಯಾಗಿ ತಿಳಿದುಕೊಳ್ಳಿ. ಡಿಸಿಸಿಯ ಬೇರು ಇರುವುದು ಜರ್ಮನಿಯ ಲೆನ್ಜ್ ಕಂಪನಿಯ ಕೆಲಸದಲ್ಲಿ. ಅದನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಎಲ್ಲರಿಗೂ ಒಪ್ಪುವ ಸ್ಟ್ಯಾಂಡರ್ಡ್ ಮಾಡಿತು. ಹಾಗಾಗಿ ಯಾವ ಕಂಪನಿಯ ಡಿಸಿಸಿ ಡಿಕೋಡರ್ ಆದರೂ ಯಾವ ಕಂಪನಿಯ ಡಿಸಿಸಿ ಪೆಟ್ಟಿಗೆಯ ಮಾತನ್ನಾದರೂ ಕೇಳುತ್ತದೆ.

ಆದರೆ ಆ ಒಪ್ಪಂದ ಹಳಿಗೆ ಮಾತ್ರ. ಥ್ರಾಟಲ್ ಅಂದರೆ ಕೈಯಲ್ಲಿ ಹಿಡಿದು ರೈಲು ಓಡಿಸುವ ಸಾಧನ, ಕಮಾಂಡ್ ಸ್ಟೇಷನ್ ಅಂದರೆ ಅದರ ಮಾತನ್ನು ಹಳಿಯ ಆಜ್ಞೆಯಾಗಿ ಮಾಡುವ ಪೆಟ್ಟಿಗೆ. ಕೈಯಲ್ಲಿ ಹಿಡಿಯುವ ಥ್ರಾಟಲ್‌ನಿಂದ ಕಮಾಂಡ್ ಸ್ಟೇಷನ್‌ವರೆಗಿನ ತಂತಿಯಲ್ಲಿ ಒಂದೊಂದು ಕಂಪನಿಯದು ಒಂದೊಂದು ಭಾಷೆ. ಡಿಜಿಟ್ರಾಕ್ಸ್‌ನದು ಲೋಕೋನೆಟ್. ಲೆನ್ಜ್‌ದು ಎಕ್ಸ್‌ಪ್ರೆಸ್‌ನೆಟ್. ಎನ್‌ಸಿಇ ಅವರದು ಕ್ಯಾಬ್ ಬಸ್. ಎಂಜಿನ್, ಡಿಕೋಡರ್ ನಾಳೆ ಯಾವುದಕ್ಕಾದರೂ ಹೊಂದುತ್ತವೆ. ಥ್ರಾಟಲ್ ಹಾಗಲ್ಲ, ಅದು ಒಂದು ಮನೆಗೆ, ಅಂದರೆ ಆ ಭಾಷೆಯ ಸೆಟ್ಟಿಗೆ, ಸೇರಿದ್ದು. ಆದ್ದರಿಂದ ಇವತ್ತು ನೀವು ನಿಜವಾಗಿ ಆರಿಸುತ್ತಿರುವುದು ಥ್ರಾಟಲ್ಲನ್ನೇ. ಸುಮಾರು ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಆಂಪ್ಸ್ ನೋಡಿ ಪೆಟ್ಟಿಗೆ ತರುತ್ತಾರೆ, ಆಮೇಲೆ ಜೊತೆಗೆ ಬಂದ ಥ್ರಾಟಲ್‌ಗೆ ಕೈ ಒಗ್ಗಿಸಿಕೊಳ್ಳುತ್ತಾರೆ.

ಮೊದಲ ಹೆಜ್ಜೆ: ನಿಮ್ಮಲ್ಲಿ ಏನಿದೆ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಯಾವ ಸ್ಕೇಲ್ (ಮಾದರಿಯ ಅಳತೆ), ಎಷ್ಟು ಎಂಜಿನ್, ಒಂದೇ ಸಲಕ್ಕೆ ಎಷ್ಟು ರೈಲು ಓಡಬೇಕು, ಎಷ್ಟು ಜನ ಓಡಿಸುತ್ತಾರೆ, ಇಷ್ಟು ಸಾಕು. ಕಪಾಟಿನಲ್ಲಿರುವ ಇಪ್ಪತ್ತು ಎಂಜಿನ್ ಲೆಕ್ಕಕ್ಕೆ ಬರುವುದಿಲ್ಲ. ಕರೆಂಟ್ ಎಳೆಯುವುದು ಹಳಿಯ ಮೇಲಿರುವವು ಮಾತ್ರ.

ಎಂಜಿನ್‌ಗಳ ಮೇಲ್ಕವಚ ತೆಗೆದು ಒಳಗೆ ನೋಡಿ. 8 ಪಿನ್ನಿನದೋ 21 ಪಿನ್ನಿನದೋ ಸಾಕೆಟ್ ಇದ್ದರೆ ಡಿಕೋಡರ್ ಚುಚ್ಚಿದರೆ ಮುಗಿಯಿತು. ಸಾಕೆಟ್ ಇಲ್ಲದ ಹಳೆಯ ಎಂಜಿನ್‌ಗೆ ಬೆಸುಗೆ ಹಾಕಬೇಕು, ಮೋಟರ್‌ನ ಎರಡೂ ತುದಿಯನ್ನು ಚಾಸಿಯಿಂದ ಬೇರೆ ಮಾಡಬೇಕು. ಆ ಕೆಲಸವನ್ನು ಮೊದಲ ತಿಂಗಳು ಮುಟ್ಟಬೇಡಿ.

ಮಾರ್ಕ್ಲಿನ್‌ನ ಮೂರು ಹಳಿಯ ಸೆಟ್ ಇದ್ದವರ ದಾರಿ ಬೇರೆ. ಅದಕ್ಕೆ ಎಂಎಫ್‌ಎಕ್ಸ್ ಅನ್ನುವ ಸ್ವಂತ ಭಾಷೆ ಇದೆ. ಆ ಭಾಷೆ ಬಲ್ಲ ಕಂಟ್ರೋಲರನ್ನೇ ನೋಡಬೇಕು.

ಎರಡನೇ ಹೆಜ್ಜೆ: ಆಂಪ್ಸ್ ಲೆಕ್ಕ

ಇದು ಬೇಗ ಮುಗಿಯುವ ಲೆಕ್ಕ. ಎಚ್‌ಒ ಸ್ಕೇಲಿನ ಈಗಿನ ಎಂಜಿನ್ ಒಂದಕ್ಕೆ ಅರ್ಧ ಆಂಪ್ ಅಂತ ಹಿಡಿಯಿರಿ. ಸೌಂಡ್ ಇದ್ದರೆ ಸ್ವಲ್ಪ ಜಾಸ್ತಿ. ಒಳಗೆ ದೀಪ ಉರಿಯುವ ಬೋಗಿಗಳನ್ನೂ ಸೇರಿಸಿ. ಎರಡು ಆಂಪ್ಸ್ ಸೆಟ್ಟಿನಲ್ಲಿ ಮೂರು ರೈಲು ಆರಾಮಾಗಿ ಓಡುತ್ತವೆ. ಮನೆಯ ಒಂದು ಕೋಣೆಯ ಲೇಔಟಿಗೆ, ಅಂದರೆ ಹಳಿಗಳ ಜೋಡಣೆಗೆ, ಇದು ಧಾರಾಳ ಸಾಕು. ಕಡಿಮೆಯಾದರೆ ಮುಂದೆ ಹಳಿಗೆ ಹೆಚ್ಚು ಕರೆಂಟ್ ಕೊಡುವ ಬೂಸ್ಟರ್ ಸೇರಿಸಬಹುದು.

ಎಚ್‌ಒಗಿಂತ ಚಿಕ್ಕದಾದ ಎನ್ ಸ್ಕೇಲ್ ಇಟ್ಟುಕೊಂಡು ಎಂಟು ಆಂಪ್ಸ್ ಪೆಟ್ಟಿಗೆ ತರಬೇಡಿ. ಶಾರ್ಟ್ ಆದಾಗ ಅಷ್ಟೂ ಆಂಪ್ಸ್ ಆ ಪುಟ್ಟ ಚಕ್ರಗಳ ಮೂಲಕ ಹಾಯುತ್ತದೆ. ವೋಲ್ಟೇಜನ್ನೂ ನೋಡಿಕೊಳ್ಳಿ. ಎನ್‌ಗೆ ಸುಮಾರು 12, ಎಚ್‌ಒಗೆ 14-15 ಇದ್ದರೆ ಸರಿ.

ಮೂರನೇ ಹೆಜ್ಜೆ: ಕೈಯಲ್ಲಿ ಹಿಡಿದು ಓಡಿಸಿ

ಇಲ್ಲಿ ಆತುರ ಬೇಡ. ಮಾದರಿ ರೈಲಿನ ಪ್ರದರ್ಶನಕ್ಕೆ ಹೋಗಿ, ಕ್ಲಬ್ಬಿಗೆ ಹೋಗಿ, ಗೆಳೆಯರ ಮನೆಗೆ ಹೋಗಿ. 'ಹತ್ತು ನಿಮಿಷ ಕೊಡ್ತೀರಾ?' ಅಂತ ಕೇಳಿ. ಈ ಹವ್ಯಾಸದವರು ಇಲ್ಲ ಅನ್ನುವುದು ಕಡಿಮೆ.

ರೈಲು ಗರಗರ ಸುತ್ತಿಸಿ ನೋಡುವುದು ಪರೀಕ್ಷೆಯಲ್ಲ. ಒಂದು ಡಬ್ಬಿಯನ್ನು ಒಂದು ಮಾರು ದೂರದಲ್ಲಿ ನಿಲ್ಲಿಸಿ. ಎಂಜಿನ್ ಹಿಂದಕ್ಕೆ ತಂದು, ಡಬ್ಬಿ ಅಲುಗದ ಹಾಗೆ ಕೊಂಡಿ ಸೇರಿಸಿ. ಕಣ್ಣು ಕೊಂಡಿಯ ಮೇಲೇ ಇರಲಿ, ಥ್ರಾಟಲ್ ಕಡೆ ತಿರುಗಬಾರದು. ಹೆಬ್ಬೆರಳು ತಾನಾಗೇ ಸರಿಯಾದ ಜಾಗಕ್ಕೆ ಹೋಯಿತಾ? ನಿಲ್ಲಿಸುವ ಬಟನ್ ಕತ್ತಲಲ್ಲೂ ಸಿಗುತ್ತದಾ? ಹೋದರೆ, ಸಿಕ್ಕಿದರೆ, ಆ ಥ್ರಾಟಲ್ ನಿಮ್ಮದು.

ನಾಬ್ ಇದ್ದರೆ ಅದು ಯಾವ ಬಗೆ ಅಂತ ನೋಡಿ. ಕೆಲವು ನಾಬ್‌ಗಳು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿ ನಿಲ್ಲುತ್ತವೆ. ಕೈಗೆ ಬಲು ಹಿತ. ಆದರೆ ಮೊದಲನೇ ಎಂಜಿನ್ ಜೋರಾಗಿ ಓಡುತ್ತಿರುವಾಗ ಎರಡನೆಯದನ್ನು ಕೈಗೆ ತೆಗೆದುಕೊಂಡರೆ, ನಾಬ್ ಇನ್ನೂ ಜೋರಿನ ಜಾಗದಲ್ಲೇ ಇರುತ್ತದೆ. ನಿಂತಿದ್ದ ಎಂಜಿನ್ ತಟಕ್ಕನೆ ನೆಗೆಯಬಹುದು. ಕೊನೆಯೇ ಇಲ್ಲದೆ ಸುತ್ತುವ ನಾಬ್‌ನಲ್ಲಿ ಈ ತೊಂದರೆ ಇಲ್ಲ. ಬಟನ್ ಮಾತ್ರ ಇರುವ ಥ್ರಾಟಲ್‌ನಲ್ಲೂ ಇಲ್ಲ, ಆದರೆ ಅದರಲ್ಲಿ ಸೂಕ್ಷ್ಮವಾಗಿ ನಿಧಾನಿಸುವುದಕ್ಕೆ ಅಭ್ಯಾಸ ಬೇಕು. ಒಂದು ಎಂಜಿನ್‌ನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಸಲ ಬಟನ್ ಒತ್ತಬೇಕು, ಅದನ್ನೂ ಎಣಿಸಿ. ಒಂದು ಸಂಜೆಗೆ ಅದನ್ನು ನೂರು ಸಲ ಮಾಡುತ್ತೀರಿ.

ಮೊಬೈಲಿನಲ್ಲೇ ಓಡಿಸಬಹುದಲ್ವಾ? ಓಡಿಸಬಹುದು. ಬಂದ ನೆಂಟರಿಗೆ, ಮಕ್ಕಳಿಗೆ ಕೊಡಲು ಅದಕ್ಕಿಂತ ಸುಲಭದ್ದು ಇಲ್ಲ. ಆದರೆ ಗಾಜಿನ ಮೇಲೆ ಬೆರಳಿಗೆ ಏನೂ ತಾಗುವುದಿಲ್ಲ, ಹಾಗಾಗಿ ಕಣ್ಣು ಪದೇ ಪದೇ ಪರದೆಗೆ ಹೋಗುತ್ತದೆ. ನನ್ನ ಮಾತು ಕೇಳುವುದಾದರೆ, ನಿಜವಾದ ನಾಬ್ ಇರುವ ಒಂದು ಥ್ರಾಟಲ್ ಇರಲಿ, ಉಳಿದವರಿಗೆ ಮೊಬೈಲ್.

ನಾಲ್ಕನೇ ಹೆಜ್ಜೆ: ಮನೆ ಯಾವುದು

ಎನ್‌ಸಿಇಯ ಪವರ್ ಕ್ಯಾಬ್‌ನಲ್ಲಿ ಕಮಾಂಡ್ ಸ್ಟೇಷನ್, ಸಣ್ಣ ಬೂಸ್ಟರ್ ಎರಡೂ ಥ್ರಾಟಲ್ ಒಳಗೇ ಇವೆ. ತಂತಿ ಜೋಡಿಸಿ ಅರ್ಧ ಗಂಟೆಯಲ್ಲಿ ರೈಲು ಓಡಿಸಬಹುದು. ಪರದೆಯ ಮೇಲೆ ಪೂರ್ತಿ ಪದಗಳಲ್ಲಿ ಕೇಳುತ್ತದೆ, ಹೊಸಬರಿಗೆ ಒಳ್ಳೆಯದು. ಆದರೆ ಆ ಥ್ರಾಟಲ್‌ನ ತಂತಿ ಕಿತ್ತರೆ ಎಲ್ಲ ರೈಲೂ ನಿಲ್ಲುತ್ತವೆ. ಅದನ್ನು ಹಿಡಿದುಕೊಂಡು ಲೇಔಟ್ ಸುತ್ತ ಓಡಾಡಬೇಕೆನ್ನುವವರು ಇದನ್ನು ಯೋಚಿಸಬೇಕು.

ರೋಕೋದ ಝಡ್21 ಹುಟ್ಟಿದ್ದೇ ಮೊಬೈಲ್, ಟ್ಯಾಬ್ಲೆಟ್‌ಗಾಗಿ. ಅದಕ್ಕೆ ಮಲ್ಟಿಮೌಸ್ ಅನ್ನುವ ನಾಬ್ ಥ್ರಾಟಲ್ಲನ್ನೂ ಜೋಡಿಸಬಹುದು. ಡಿಜಿಟ್ರಾಕ್ಸ್‌ನ ಲೋಕೋನೆಟ್ ದೊಡ್ಡ ಲೇಔಟಿಗೆ, ಯಾವ ತುಂಡಿನ ಮೇಲೆ ರೈಲಿದೆ ಅಂತ ತಿಳಿಯುವ ಸಿಗ್ನಲ್ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದರ ಬಟನ್‌ಗಳಿಗೆ ಕೈ ಕೂರಲು ಮಾತ್ರ ಕೆಲವು ವಾರ ಬೇಕು. ಇಎಸ್‌ಯುನ ಇಕಾಸ್‌ನಲ್ಲಿ ದೊಡ್ಡ ಪರದೆ, ಎರಡು ನಾಬ್ ಎಲ್ಲ ಒಂದೇ ಮೇಜಿನ ಮೇಲೆ. ಕೂತು ಓಡಿಸುವವರಿಗೆ ಅದು. ಕೈಯಾರೆ ಮಾಡಬೇಕೆಂಬ ಆಸೆ ಇದ್ದರೆ ಡಿಸಿಸಿ-ಇಎಕ್ಸ್ ಇದೆ. ಆರ್ಡುಯಿನೋ ಮೆಗಾ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಹಳಿಗೆ ಕರೆಂಟ್ ಕೊಡುವ ಮೋಟರ್ ಶೀಲ್ಡ್ ಅನ್ನುವ ಬೋರ್ಡ್ ಕೂರಿಸಿ, ಉಚಿತ ಸಾಫ್ಟ್‌ವೇರ್ ತುಂಬಿದರೆ ಕಮಾಂಡ್ ಸ್ಟೇಷನ್ ತಯಾರು.

ಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿ. ಡಿಕೋಡರ್‌ನ ಸಿವಿಗಳನ್ನು, ಅಂದರೆ ಅದರೊಳಗಿನ ಸೆಟ್ಟಿಂಗ್‌ಗಳನ್ನು, ಇದು ಓದುತ್ತದಾ? ಕೆಲವು ಅಗ್ಗದ ಸೆಟ್‌ಗಳು ಬರೆಯುತ್ತವೆ, ಓದುವುದಿಲ್ಲ. ಆಗ ಎಂಜಿನ್ ಮಾತು ಕೇಳದಿದ್ದರೆ ಯಾಕೆ ಅಂತ ಹುಡುಕುವುದು ಕಷ್ಟ. ಎರಡನೆಯದು, ಕಂಪ್ಯೂಟರ್‌ಗೆ ಜೋಡಿಸಬಹುದಾ? ಜೋಡಿಸಿದರೆ ಜೆಎಂಆರ್‌ಐ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಸಿವಿಗಳನ್ನೆಲ್ಲ ಹೆಸರು ಸಮೇತ ನೋಡಿ ಬದಲಾಯಿಸಬಹುದು.

ಇವೆಲ್ಲಕ್ಕಿಂತ ತೂಕದ ವಿಷಯ ಇನ್ನೊಂದಿದೆ. ನಿಮ್ಮ ಹತ್ತಿರದ ಗೆಳೆಯರು, ಕ್ಲಬ್ಬಿನವರು ಯಾವುದನ್ನು ಬಳಸುತ್ತಿದ್ದಾರೆ? ಎರಡು ಥ್ರಾಟಲ್ ನಿಮ್ಮ ಕೈಗೆ ಸಮ ಅನ್ನಿಸಿದರೆ ಕಣ್ಣು ಮುಚ್ಚಿ ಅವರದ್ದನ್ನೇ ತೆಗೆದುಕೊಳ್ಳಿ. ನಿಮ್ಮ ಥ್ರಾಟಲ್ ಅವರ ಲೇಔಟಿನಲ್ಲೂ ಓಡುತ್ತದೆ. ರಾತ್ರಿ ಏನೋ ಕೈಕೊಟ್ಟರೆ ಫೋನ್ ಮಾಡಿ ಕೇಳಲು ಒಬ್ಬರು ಇರುತ್ತಾರೆ.

ಐದನೇ ಹೆಜ್ಜೆ: ಮೊದಲ ದಿನ

ಹಳೆಯ ಡಿಸಿ ಪವರ್ ಪ್ಯಾಕಿನ ತಂತಿಯನ್ನು ಪೂರ್ತಿ ಕಿತ್ತುಬಿಡಿ. ಎರಡೂ ಒಂದೇ ಹಳಿಗೆ ಸೇರಿದರೆ ಪೆಟ್ಟಿಗೆ ಸುಡಬಹುದು. ಹಳೆಯ ಸೆಟ್ಟಿನ ಹಳಿಗೆ ಕರೆಂಟ್ ಕೊಡುವ ತುಂಡಿನ ಕೆಳಗೆ ಕಪಾಸಿಟರ್ ಇದ್ದರೆ ಅದನ್ನೂ ತೆಗೆಯಿರಿ, ಡಿಸಿಸಿ ಸಿಗ್ನಲ್ ಅದರಿಂದ ಕೆಡುತ್ತದೆ. ಡಿಕೋಡರ್ ಇಲ್ಲದ ಎಂಜಿನ್ ಡಿಸಿಸಿ ಹಳಿಯ ಮೇಲೆ ನಿಲ್ಲಬಾರದು. ಅದರ ಮೋಟರ್ ಗುಂಯ್ ಅನ್ನುತ್ತಾ ಬಿಸಿಯಾಗುತ್ತದೆ.

ಆಮೇಲೆ ನಾಣ್ಯದ ಪರೀಕ್ಷೆ. ಇದನ್ನು ಬಿಡಲೇಬೇಡಿ. ನನ್ನ ಲೇಔಟಿನ ದೂರದ ಮೂಲೆಯಲ್ಲಿ ಒಮ್ಮೆ ಎಂಜಿನ್ ಪಾಯಿಂಟಿನ, ಅಂದರೆ ಹಳಿ ಕವಲೊಡೆಯುವ ಜಾಗದ, ಮೇಲೆ ಹಳಿ ತಪ್ಪಿ ಅಡ್ಡ ನಿಂತಿತು. ಶಾರ್ಟ್ ಆಗಿತ್ತು. ಆದರೆ ಅಲ್ಲಿಗೆ ಹೋಗುತ್ತಿದ್ದ ತಂತಿ ತೀರಾ ತೆಳುವಾಗಿತ್ತು. ತಂತಿಯೇ ಕರೆಂಟನ್ನು ತಡೆದಿದ್ದರಿಂದ ಬೂಸ್ಟರ್‌ಗೆ ಅದು ಶಾರ್ಟ್ ಅಂತ ಗೊತ್ತೇ ಆಗಲಿಲ್ಲ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದು ನಾನು ಓಡಿ ಹೋಗುವಷ್ಟರಲ್ಲಿ ಚಕ್ರದ ಪಕ್ಕದ ಚೌಕಟ್ಟು ಕರಗಿ ಸೊಟ್ಟಗಾಗಿತ್ತು. ಅದಕ್ಕೇ ಹೇಳುವುದು, ಒಂದು ನಾಣ್ಯ ಹಿಡಿದು ಲೇಔಟ್ ಉದ್ದಕ್ಕೂ ನಡೆಯಿರಿ. ಒಂದೊಂದು ಅಡಿಗೂ ಎರಡು ಹಳಿಗೆ ಅಡ್ಡ ಇಡಿ. ಪ್ರತಿ ಸಲ ಬೂಸ್ಟರ್ ತಕ್ಷಣ ಆಫ್ ಆಗಬೇಕು. ಆಗದ ಕಡೆ ದಪ್ಪ ತಂತಿ ಹಾಕಿ. ಲೇಔಟ್ ಕೆಳಗೆ 2.5 ಚದರ ಮಿಲಿಮೀಟರ್‌ನ ಮುಖ್ಯ ತಂತಿ ಎಳೆದು, ಅದರಿಂದ ಹಳಿಯ ಪ್ರತಿ ತುಂಡಿಗೂ ಗಿಡ್ಡ ತಂತಿ ಕೊಟ್ಟರೆ ಈ ತೊಂದರೆ ಬರುವುದಿಲ್ಲ.

ಹಳಿ ಸುತ್ತಿ ಬಂದು ತನ್ನನ್ನೇ ಸೇರುವ ಕುಣಿಕೆ ಇದ್ದರೆ ಅಲ್ಲಿ ಎಡ ಹಳಿ ಬಲ ಹಳಿಗೆ ತಾಗಿ ಶಾರ್ಟ್ ಆಗುತ್ತದೆ. ಆ ತುಂಡನ್ನು ಎರಡೂ ಕಡೆ ಬೇರ್ಪಡಿಸಿ, ಪ್ಲಸ್ ಮೈನಸ್ ತಾನಾಗೇ ಬದಲಿಸುವ ಆಟೋ ರಿವರ್ಸರ್ ಹಾಕಿ.

ಹೊಸ ಡಿಕೋಡರ್‌ಗಳೆಲ್ಲ 3ನೇ ನಂಬರಿನಲ್ಲೇ ಬರುತ್ತವೆ. ಎರಡು ಹೊಸ ಎಂಜಿನ್ ಇಟ್ಟರೆ ಡಿಸಿಯಲ್ಲಿ ಓಡಿದ ಹಾಗೆ ಎರಡೂ ಒಟ್ಟಿಗೇ ಓಡುತ್ತವೆ, ಗಾಬರಿ ಬೇಡ. ಒಂದನ್ನೇ ಸೆಟ್ಟಿಂಗ್ ಬರೆಯಲು ಬೇರೆಯಾಗಿಟ್ಟ ಪ್ರೋಗ್ರಾಮಿಂಗ್ ಹಳಿಯ ಮೇಲಿಟ್ಟು, ಎಂಜಿನ್‌ನ ಬದಿಯಲ್ಲಿ ಬರೆದಿರುವ ನಂಬರನ್ನೇ ವಿಳಾಸವಾಗಿ ಕೊಡಿ. ಆಮೇಲೆ ನೆನಪಿಟ್ಟುಕೊಳ್ಳುವ ಕೆಲಸವೇ ಇಲ್ಲ. ಬದಲಾಯಿಸಿದ ಸಿವಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏನಾದರೂ ಎಡವಟ್ಟಾದರೆ ಬಹಳಷ್ಟು ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ 8 ಅಂತ ಬರೆದರೆ ಅವು ಮೊದಲಿನ ಸ್ಥಿತಿಗೆ ಬರುತ್ತವೆ, ವಿಳಾಸವೂ ಮತ್ತೆ 3 ಆಗುತ್ತದೆ. ಎಂಜಿನ್ ಹೊರಡುವಾಗ ಜಗ್ಗಿದರೆ ಸಿವಿ 3ನ್ನು, ನಿಲ್ಲುವಾಗ ಜಗ್ಗಿದರೆ ಸಿವಿ 4ನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಅದೇ ಡಬ್ಬಿಗೆ ಮತ್ತೆ ಮತ್ತೆ ಕೊಂಡಿ ಸೇರಿಸಿ ನೋಡಿ.