ಕಾರಿನ ಪೇಂಟ್ ಮೇಲಿನ ನೀರಿನ ಗೆರೆ: ತೆಗೆಯುವ ಬಗೆ, ತಡೆಯುವ ಬಗೆ

ಸೈಡ್ ಮಿರರ್ ಕೆಳಗೋ ಬಾಗಿಲಿನ ಹಿಡಿಯ ಕೆಳಗೋ ಉದ್ದಕ್ಕೆ ಇಳಿದ ಗೆರೆ ಕಂಡ ಕೂಡಲೇ ಪಾಲಿಶ್ ಡಬ್ಬಕ್ಕೆ ಕೈ ಹಾಕಬೇಡಿ. ಮೊದಲು ಅದು ಯಾವ ಜಾತಿಯ ಗೆರೆ ಅಂತ ನೋಡಿ. ಕಪ್ಪು ಅಥವಾ ಕಂದು ಗೆರೆ ಅಂದರೆ ಕೊಳೆ: ರಸ್ತೆಯ ಧೂಳು, ಎಣ್ಣೆಯ ಜಿಡ್ಡು, ಹಳೆಯದಾಗಿ ಪುಡಿ ಬಿಡುತ್ತಿರುವ ಕಿಟಕಿ ಅಂಚಿನ ರಬ್ಬರ್ ಬೀಡಿಂಗ್, ಇವೆಲ್ಲ ನೀರಿನ ಜೊತೆ ಇಳಿದು ಒಣಗಿದ್ದು. ಬಿಳಿ ಗೆರೆ ಅಂದರೆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ. ನೀರು ಆವಿಯಾಗುತ್ತದೆ, ಸುಣ್ಣ ಉಳಿಯುತ್ತದೆ. ಇವೆರಡಕ್ಕೂ ಒಂದೇ ಮದ್ದಿಲ್ಲ. ಜಿಡ್ಡಿಗೆ ವಿನೆಗರ್ ಹಚ್ಚಿ, ಸುಣ್ಣಕ್ಕೆ ಶಾಂಪೂ ತಿಕ್ಕಿ, ಕೊನೆಗೆ ಪೇಂಟೇ ಹೋಗಿದೆ ಅಂದುಕೊಳ್ಳುವವರೇ ಹೆಚ್ಚು.

ಎರಡಕ್ಕೂ ಮುಂಚೆ ನೆರಳಲ್ಲಿ, ಬಾಡಿ ಕೈಗೆ ತಣ್ಣಗಿರುವಾಗ, ಕಾರನ್ನು ಪೂರ್ತಿ ತೊಳೆಯಬೇಕು. ಧೂಳು ಉಳಿಸಿಕೊಂಡು ಗೆರೆಯನ್ನಷ್ಟೇ ಉಜ್ಜಿದರೆ ಗೆರೆ ಹೋಗುತ್ತದೆ, ಅದರ ಜಾಗಕ್ಕೆ ಗೀರು ಬರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಹಚ್ಚಿದ ವ್ಯಾಕ್ಸನ್ನೂ ಅದು ಕಿತ್ತುಕೊಂಡು ಹೋಗುತ್ತದೆ. ಕಾರ್ ಶಾಂಪೂನೇ ಬಳಸಿ.

ಕಪ್ಪು ಗೆರೆ ಶಾಂಪೂಗೆ ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಸಮಪಾಲು ಬೆರೆಸಿ, ಮೈಕ್ರೋಫೈಬರ್ ಬಟ್ಟೆಗೆ ಹಾಕಿಕೊಂಡು ಗೆರೆಯ ಉದ್ದಕ್ಕೇ ಮೇಲಿಂದ ಕೆಳಕ್ಕೆ ಒರೆಸಿ. ಒತ್ತಬೇಡಿ, ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ ತಿರುಗಿಸಿ. ಇತ್ತೀಚೆಗೆ ಪೇಂಟ್ ಮಾಡಿಸಿದ ಭಾಗಕ್ಕೆ ಆಲ್ಕೋಹಾಲ್ ಹಾಕಬಾರದು, ಪೂರ್ತಿ ಗಟ್ಟಿಯಾಗದ ಪೇಂಟ್ ಮೆತ್ತಗಾಗುತ್ತದೆ. ಇಷ್ಟಾದರೂ ನೆರಳಿನಂತೆ ಉಳಿದರೆ ಕ್ಲೇ ಬಾರ್ ಬಳಸಿ, ಅಂದರೆ ಪೇಂಟ್‌ಗೆ ಅಂಟಿದ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತ್ತನೆಯ ಉಂಡೆ. ಅದು ಜಾರಲು ಬೇಕಾದ ಲೂಬ್ರಿಕೆಂಟ್ ಧಾರಾಳವಾಗಿ ಸ್ಪ್ರೇ ಮಾಡಿ, ಕ್ಲೇಯನ್ನು ನೇರ ಗೆರೆಯಲ್ಲಿ ಜಾರಿಸಿ. ಕೈತಪ್ಪಿ ನೆಲಕ್ಕೆ ಬಿದ್ದ ಕ್ಲೇಯನ್ನು, ಎಷ್ಟೇ ದುಬಾರಿಯಾದರೂ, ಎಸೆಯಿರಿ. ಅದಕ್ಕೆ ಅಂಟಿದ ಒಂದು ಮರಳಿನ ಕಣ ಸಾಕು ಬಾನೆಟ್ ಪೂರ್ತಿ ಗೀರಲು.

ಬಿಳಿ ಗೆರೆಗೆ ಆಮ್ಲ ಬೇಕು. ಅಡುಗೆಯ ಬಿಳಿ ವಿನೆಗರ್ ಒಂದು ಪಾಲು, ಡಿಸ್ಟಿಲ್ಡ್ ವಾಟರ್ ಒಂದು ಪಾಲು. ನಲ್ಲಿ ನೀರು ಬೆರೆಸಿದರೆ ತೆಗೆಯಬೇಕಾದ ಸುಣ್ಣವನ್ನೇ ಮತ್ತೆ ತಂದಂತಾಗುತ್ತದೆ. ಮೊದಲು ಕಣ್ಣಿಗೆ ಬೀಳದ ಕಡೆ ಸ್ವಲ್ಪ ಹಚ್ಚಿ ನೋಡಿ. ಆಮೇಲೆ ಬಟ್ಟೆಯನ್ನು ಅದ್ದಿ, ಹಿಂಡಿ, ಗೆರೆಯ ಮೇಲೆ 1 ರಿಂದ 2 ನಿಮಿಷ ಸುಮ್ಮನೆ ಹಾಸಿಡಿ. ಕರಗಿಸುವುದು ಆಮ್ಲದ ಕೆಲಸ, ಉಜ್ಜುವುದು ಬೇಕಿಲ್ಲ. ಒಣಗಲು ಬಿಡದೆ ತುಂಬಾ ನೀರು ಹಾಕಿ ತೊಳೆದು, ಇನ್ನೊಮ್ಮೆ ಶಾಂಪೂ ಹಾಕಿ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ ಮಾಡಿ, ದ್ರಾವಣದಲ್ಲಿ ವಿನೆಗರ್ ಪಾಲು ಹೆಚ್ಚಿಸಬೇಡಿ. ಬ್ಲೀಚ್ ಜೊತೆ ವಿನೆಗರ್ ಎಂದೂ ಸೇರಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಈಗಲೂ ಕಲೆ ಇದ್ದರೆ ತೆಳು ಪ್ಲಾಸ್ಟಿಕ್ ಕವರ್‌ನೊಳಗೆ ಬೆರಳಿಟ್ಟು ಅದರ ಮೇಲೆ ಸವರಿ. ಉಬ್ಬಿ ತರಿತರಿಯಾಗಿ ತಾಗಿದರೆ ಸುಣ್ಣ ಇನ್ನೂ ಇದೆ. ನುಣುಪಾಗಿದ್ದೂ ಓರೆ ಬೆಳಕಿನಲ್ಲಿ ಉಂಗುರದ ಅಂಚು ಕಂಡರೆ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ಗೇ ಗುಳಿ ಬಿದ್ದಿದೆ, ಇನ್ನೆಷ್ಟು ವಿನೆಗರ್ ಸುರಿದರೂ ವ್ಯರ್ಥ. ಆಗ ಮೃದು ಫೋಮ್ ಪ್ಯಾಡ್ ಮತ್ತು ತೀರಾ ಕಡಿಮೆ ಸವೆಸುವ ಫಿನಿಶಿಂಗ್ ಪಾಲಿಶ್‌ನಿಂದ ಎರಡಡಿ ಚೌಕದಷ್ಟು ಜಾಗವನ್ನು ಮಾತ್ರ ಮಾಡಿ, ಒರೆಸಿ ನೋಡಿ, ಅಷ್ಟು ಸಾಕೆನಿಸಿದರೆ ನಿಲ್ಲಿಸಿ. ಕ್ಲಿಯರ್ ಕೋಟ್ ಸಾಮಾನ್ಯವಾಗಿ 40 ರಿಂದ 50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತಲೂ ತೆಳು. ಪ್ರತಿ ಪಾಲಿಶೂ ಅದನ್ನು ಕಡಿಮೆ ಮಾಡುತ್ತದೆ. ಮ್ಯಾಟ್ ಪೇಂಟ್‌ಗೆ ಈ ಹಂತವೇ ಬೇಡ, ಅಷ್ಟು ಜಾಗ ಮಾತ್ರ ಹೊಳೆಯತೊಡಗಿ ಮತ್ತೆಂದೂ ಮ್ಯಾಟ್ ಆಗುವುದಿಲ್ಲ.

ತಡೆಯುವುದು ಇದಕ್ಕಿಂತ ಸುಲಭ, ಆದರೆ ಗೆರೆ ಎಲ್ಲಿಂದ ಹೊರಡುತ್ತದೋ ಅಲ್ಲಿಗೇ ಹೋಗಬೇಕು. ತೊಳೆದು ಒರೆಸಿದ ಹತ್ತು ನಿಮಿಷಕ್ಕೆ ಮಿರರ್ ಕವಚದ ಸಂದಿಯಿಂದ ಒಂದು ಹನಿ ಹೊರಬಂದು, ಬಾಗಿಲ ಮೇಲೆ ಜಾರುತ್ತಾ ಸಂದಿಯ ಧೂಳನ್ನೂ ಎಳೆದು ತರುತ್ತದೆ. ಮರುದಿನದ ಗೆರೆ ಅದೇ. ಹಾಗಾಗಿ ಒರೆಸುವ ಮುಂಚೆ ಮಿರರ್, ಹಿಡಿ, ಲೋಗೋ, ನಂಬರ್ ಪ್ಲೇಟ್ ಸಂದಿಗಳಿಗೆ ಬ್ಲೋವರ್ ಹಿಡಿಯಿರಿ. ಬ್ಲೋವರ್ ಇಲ್ಲವೇ? ಮಿರರ್ ಮಡಚಿ ಬಿಚ್ಚಿ, ಬಾಗಿಲು ಡಿಕ್ಕಿ ತೆರೆದು ಮುಚ್ಚಿ, ಕಾರನ್ನು ಸ್ವಲ್ಪ ದೂರ ಓಡಿಸಿ ಬಂದು ಇನ್ನೊಮ್ಮೆ ಒರೆಸಿ. ಕಿಟಕಿಯ ರಬ್ಬರನ್ನು ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಶಾಂಪೂ ನೀರಿನಿಂದ, ತೊಳೆದ ನೀರು ಕಪ್ಪಾಗುವುದು ನಿಲ್ಲುವವರೆಗೂ ಉಜ್ಜಿ. ಮೇಲೆ ನೀರು ಆಧಾರಿತ ಡ್ರೆಸ್ಸಿಂಗ್ (ರಬ್ಬರ್ ಕಾಯುವ ಲೇಪ) ಮಾತ್ರ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಜಿಡ್ಡಿನ ಡ್ರೆಸ್ಸಿಂಗ್ ಮುಂದಿನ ಮಳೆಗೆ ತಾನೇ ಗೆರೆಯಾಗಿ ಇಳಿಯುತ್ತದೆ.

ವ್ಯಾಕ್ಸ್ ಅಥವಾ ಸೀಲೆಂಟ್ (ವ್ಯಾಕ್ಸ್‌ನಂತೆಯೇ ಪೇಂಟ್ ಕಾಯುವ ಕೃತಕ ಲೇಪ) ಹಚ್ಚುವಾಗ ಮಿರರ್ ಮತ್ತು ಹಿಡಿಗಳ ಕೆಳಗಿನ ಜಾಗಕ್ಕೆ ಇನ್ನೊಂದು ಕೈ ಹಚ್ಚಿ, ಕೊಳೆ ಅಲ್ಲಿ ಬೇರೂರದೆ ನೀರಿಗೇ ಬಿಟ್ಟುಕೊಳ್ಳುತ್ತದೆ. ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಗಟ್ಟಿಯಾಗಿ ಕೂರುವ ರಕ್ಷಣೆಯ ಪದರ) ಇದೆ ಅಂತ ಒರೆಸದೆ ಬಿಡುವವರಿಗೂ ಒಂದು ಮಾತು. ಕೋಟಿಂಗ್ ಮೇಲೆ ನೀರು ಹರಡದೆ ಗುಂಡಗೆ ಹನಿಯಾಗಿ ನಿಲ್ಲುತ್ತದೆ, ಆ ಹನಿಯಲ್ಲಿದ್ದ ಸುಣ್ಣವೆಲ್ಲ ಒಂದೇ ಚುಕ್ಕೆಯಲ್ಲಿ ಒಣಗುತ್ತದೆ. ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ ಕೋಟಿಂಗ್ ಇರುವ ಕಾರಿಗೂ ಚುಕ್ಕೆ ತಪ್ಪಿದ್ದಲ್ಲ. ಕೊನೆಯ ಬಕೆಟ್ ಮಾತ್ರವಾದರೂ ಆರ್‌ಒ ನೀರೋ ಶೋಧಿಸಿದ ಮಳೆನೀರೋ ಇರಲಿ.